ಹುಲಿಗೆಮ್ಮನಿಗೆ ಆಗದ ಸನ್ಮಾನ

ತರೀಕೆರೆ
10 ಫೆಬ್ರವರಿ 2024

‘ಬಯಲ ಸುದ್ದಿ’ ವಾರಪತ್ರಿಕೆಯ ಸಂಪಾದಕಿ ಧನ್ಯಶ್ರೀ ಅವರಿಗೆ,

ನಮಸ್ಕಾರ. ನಿಮ್ಮ ಕಡೂರಿನ ಕಚೇರಿಗೆ ಫೋನ್ ಮಾಡಿದ್ದೆ. ಹಿರಿಯರೊಬ್ಬರು ಎತ್ತಿ, “ದೂರು ಏನಿದ್ರೂ ಬರೆದು ಕಳ್ಸಿ ಮೇಡಂ, ಬಾಯಲ್ಲಿ ಹೇಳಿದ್ದು ನಮ್ಮಲ್ಲಿ ನಡೆಯಲ್ಲ” ಎಂದು ಇಟ್ಟುಬಿಟ್ಟರು. ಹಾಗಾಗಿ ಈ ಪತ್ರ. ನಾನು ಇಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಓದಿದ್ದೂ ಇಂಗ್ಲಿಷ್ ಮಾಧ್ಯಮದಲ್ಲೇ. ಕನ್ನಡದಲ್ಲಿ ದೂರು ಬರೆದು ರೂಢಿಯಿಲ್ಲ. ಎಲ್ಲಾದರೂ ಒರಟಾಗಿ ಕಂಡರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಬುಧವಾರ ಸಂಜೆ ಕಡೂರಿನಲ್ಲಿ ನಡೆದ ಗ್ರಾಮೀಣ ಸಾಧಕರ ಸನ್ಮಾನ ಸಮಾರಂಭದ ವರದಿ ನಿಮ್ಮ ಗುರುವಾರದ ಮುಖಪುಟದಲ್ಲಿದೆ. ಯಗಟಿಯ ಕುರಿಗಾಹಿ ಹುಲಿಗೆಮ್ಮನವರಿಗೆ ರೇಷ್ಮೆ ಶಾಲು ಹೊದಿಸಿ, ಬೆಳ್ಳಿ ಕಡಗ ತೊಡಿಸಿ ಗೌರವಿಸಲಾಯಿತು ಎಂದು ಬರೆದಿದ್ದೀರಿ. ಅವರು ಕಣ್ಣಂಚಿನಲ್ಲಿ ನೀರು ತುಂಬಿಕೊಂಡು, “ಈ ಸನ್ಮಾನ ನನ್ನ ಜವಾಬ್ದಾರಿಯನ್ನು ಹೆಚ್ಚಿಸಿದೆ” ಎಂದು ಮಾತನಾಡಿದರಂತೆ.

ನಾನು ಅಲ್ಲಿದ್ದೆ. ಪ್ರಾರ್ಥನೆ ಹಾಡಲು ನಮ್ಮ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಮುಖ್ಯ ಅತಿಥಿಗಳು ತಡವಾಗಿ ಬಂದು, ಹತ್ತಿರ ಕೂತಿದ್ದ ಕೆಲವರಿಗೆ ಶಾಲು ಹೊದಿಸಿ, ಇನ್ನೊಂದು ಕಾರ್ಯಕ್ರಮವಿದೆಯೆಂದು ಹೊರಟುಹೋದರು. ವೇದಿಕೆಯ ಮೇಲಿದ್ದವರೆಲ್ಲ ಅವರನ್ನು ಕಾರಿನವರೆಗೆ ಬಿಡಲು ಓಡಿದರು, ತಿರುಗಿ ಬರಲಿಲ್ಲ. ಮೈಕಿನವನು ವೈರು ಸುತ್ತತೊಡಗಿದ. ಹುಲಿಗೆಮ್ಮನವರು ಕೊನೆಯ ಕುರ್ಚಿಯಲ್ಲಿ ಇನ್ನೂ ಕೂತೇ ಇದ್ದರು. ಅವರಿಗೆ ಶಾಲೂ ಸಿಗಲಿಲ್ಲ, ಕಡಗವೂ ಸಿಗಲಿಲ್ಲ. ಒಂದು ಮಾತೂ ಆಡಲಿಲ್ಲ. ಆಮೇಲೆ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಪಕ್ಕದಲ್ಲೇ ನಿಂತಿದ್ದರು.

ಇದು ಸಣ್ಣ ವಿಷಯವೇ ಇರಬಹುದು. ಆದರೆ ಆ ಕಣ್ಣೀರು ನಿಮಗೆ ಎಲ್ಲಿ ಕಾಣಿಸಿತು ಎಂದು ಕೇಳದೆ ಇರಲಾಗಲಿಲ್ಲ.

ದಯವಿಟ್ಟು ನನ್ನ ಹೆಸರು ಪ್ರಕಟಿಸಬೇಡಿ. ಸಮಾರಂಭ ನಡೆಸಿದ ಸಂಘದ ಕಾರ್ಯದರ್ಶಿ ರುದ್ರಮೂರ್ತಿಯವರು ನಮ್ಮ ಶಾಲೆಯ ಆಡಳಿತ ಮಂಡಳಿಯಲ್ಲಿದ್ದಾರೆ.

ಇಂತಿ,
ಸಂಗೀತಾ


ಕಡೂರು
16 ಫೆಬ್ರವರಿ 2024

ಸಂಗೀತಾ ಮೇಡಂ ಅವರಿಗೆ ನಮಸ್ಕಾರ.

ನಿಮ್ಮ ಪತ್ರ ಬಂದ ದಿನ ಸಿಟ್ಟು ಬಂತು, ಮಾರನೆಯ ದಿನ ನಾಚಿಕೆಯಾಯಿತು. ಇವತ್ತು ಎರಡೂ ಸ್ವಲ್ಪ ಸ್ವಲ್ಪ ಇವೆ, ಆದ್ದರಿಂದ ಉತ್ತರ ಬರೆಯಬಹುದು ಅನ್ನಿಸಿತು.

ಆ ಕಣ್ಣೀರು ನಾನೇ ಹಾಕಿದ್ದು. ನಮ್ಮ ಪುಟಗಳು ಬುಧವಾರ ಮಧ್ಯಾಹ್ನವೇ ಮುದ್ರಣಕ್ಕೆ ಶಿವಮೊಗ್ಗಕ್ಕೆ ಹೋಗಬೇಕು. ಪತ್ರಿಕೆ ಗುರುವಾರ ಮೊದಲ ಬಸ್ಸಿಗೆ ಕಟ್ಟಾಗಿ ವಾಪಸ್ಸು ಬರುತ್ತದೆ. ಬುಧವಾರ ಸಂಜೆಯ ಸಮಾರಂಭ ಗುರುವಾರದ ಪತ್ರಿಕೆಯಲ್ಲಿ ಇರಬೇಕೆಂದರೆ ಒಂದೇ ದಾರಿ, ಆಹ್ವಾನ ಪತ್ರಿಕೆ ನೋಡಿ ಬರೆಯುವುದು. ಯಾರು ಉದ್ಘಾಟಿಸಿದರು, ಯಾರು ಜ್ಯೋತಿ ಬೆಳಗಿಸಿದರು, ಯಾರಿಗೆ ಏನು ಕೊಟ್ಟರು, ಎಲ್ಲ ಅದರಲ್ಲೇ ಇರುತ್ತದೆ. ‘ಗೌರವಿಸಲಾಗುವುದು’ ಎಂದಿದ್ದನ್ನು ‘ಗೌರವಿಸಲಾಯಿತು’ ಮಾಡಿದರೆ ವರದಿ. ನನಗೆ ಈ ಕೆಲಸ ಕಲಿಸಿದವರು ನಮ್ಮ ತಂದೆ ಶಶಿಧರ, ನೀವು ಫೋನಿನಲ್ಲಿ ಕೇಳಿದ ಧ್ವನಿ. ಪತ್ರಿಕೆ ಶುರು ಮಾಡಿದವರು ಅವರು. ಎರಡು ವರ್ಷದ ಹಿಂದೆ ಕುರ್ಚಿ ನನಗೆ ಬಿಟ್ಟುಕೊಟ್ಟು, ಈಗ ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತು ಕರಡು ತಿದ್ದುತ್ತಾರೆ. “ಇಷ್ಟು ವರ್ಷದಲ್ಲಿ ಒಂದೇ ಒಂದು ಹೆಸರು ಬಿಟ್ಟಿಲ್ಲ” ಎನ್ನುವುದು ಅವರ ಹೆಮ್ಮೆ. ಅದು ನಿಜ.

ಉಳಿದಂತೆ ನನ್ನ ದಿನ ಹೀಗಿರುತ್ತದೆ. ಬೆಳಿಗ್ಗೆ ಯಾರದೋ ಹುಟ್ಟುಹಬ್ಬದ ಶುಭಾಶಯ, ಮಧ್ಯಾಹ್ನ ಯಾರದೋ ಶಿವಗಣಾರಾಧನೆಯ ಶ್ರದ್ಧಾಂಜಲಿ. ನಡುವೆ ಕರೆಂಟು ಹೋಗುತ್ತದೆ. ಮೊನ್ನೆ ಎರಡರ ಫೋಟೋ ಅದಲುಬದಲಾಗುವುದರಲ್ಲಿತ್ತು, ಅಪ್ಪ ಹಿಡಿದರು.

ಮುಂದಿನ ವಾರ ಒಳಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕುತ್ತೇನೆ. ಸಾಕಲ್ಲವೇ?

ತಮ್ಮ,
ಧನ್ಯಶ್ರೀ


ತರೀಕೆರೆ
21 ಫೆಬ್ರವರಿ 2024

ಧನ್ಯಶ್ರೀ ಅವರಿಗೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. “ನಾನೇ ಹಾಕಿದ್ದು” ಎಂದು ಇಷ್ಟು ನೇರವಾಗಿ ಯಾರೂ ನನಗೆ ಉತ್ತರ ಬರೆದದ್ದು ನೆನಪಿಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಒಂದು ಸೀಮೆಸುಣ್ಣ ಮುರಿದರೂ ಅದು ಮೊದಲೇ ಮುರಿದಿತ್ತು ಎನ್ನುತ್ತೇವೆ, ನಾನೂ ಸೇರಿದಂತೆ.

ಸಾಕೇ ಎಂದು ಕೇಳಿದ್ದೀರಿ. ಅದನ್ನು ಹೇಳುವ ಹಕ್ಕು ನನಗಿದೆಯೇ ಎಂಬುದೇ ನನ್ನ ಅನುಮಾನ. ಹೆಸರು ಹಾಕಬೇಡಿ ಎಂದು ಕೇಳಿಕೊಂಡವಳು ನಾನು. ಸಾಕೋ ಸಾಲದೋ ಹುಲಿಗೆಮ್ಮನವರನ್ನೇ ಕೇಳಬಹುದೇನೋ. ತರೀಕೆರೆಯಲ್ಲಿ ಕೂತು ಇಷ್ಟು ಬರೆಯುವುದು ಸುಲಭ, ಗೊತ್ತು.

ವಿಶ್ವಾಸದ,
ಸಂಗೀತಾ


ಕಡೂರು
4 ಮಾರ್ಚ್ 2024

ಸಂಗೀತಾ ಮೇಡಂ,

ಯಗಟಿಗೆ ಹೋಗಿದ್ದೆ. ತಿದ್ದುಪಡಿ ಇನ್ನೂ ಹಾಕಿಲ್ಲ, ಯಾಕೆಂದು ಕೊನೆಯಲ್ಲಿ ತಿಳಿಯುತ್ತದೆ.

ಬಸ್ಸಿಳಿದು ಅಂಗಡಿಯಲ್ಲಿ ಹುಲಿಗೆಮ್ಮನವರ ಮನೆ ಕೇಳಿದೆ. “ಯಾವ ಹುಲಿಗೆಮ್ಮ? ಜವಾಬ್ದಾರಿ ಹುಲಿಗೆಮ್ಮನಾ?” ಎಂದ ಒಬ್ಬ. ಕೂತಿದ್ದವರೆಲ್ಲ ನಕ್ಕರು. ಅದು ನನ್ನದೇ ಸಾಲು ಎಂದು ಹೊಳೆಯಲು ಒಂದು ಕ್ಷಣ ಬೇಕಾಯಿತು.

ಹುಲಿಗೆಮ್ಮ ಹಟ್ಟಿಯ ಮುಂದೆ ಮರಿಯೊಂದರ ಕಾಲಿಗೆ ಅರಿಶಿನ ಹಚ್ಚುತ್ತಿದ್ದರು. ನಾನು ಯಾರೆಂದು ಹೇಳಿದೆ.

“ನೀನೇನವ್ವ ಪೇಪರಿನೋಳು? ಇಷ್ಟು ಚಿಕ್ಕೋಳಾ? ನಾನು ಯಾವನೋ ಮೀಸೆ ಇರೋನು ಅಂದ್ಕಂಡಿದ್ದೆ. ಬಯ್ಯಾಕೆ ಅಂತ ಮಾತೆಲ್ಲಾ ಇಟ್ಕಂಡಿದ್ದೆ, ದಂಡ ಆಯ್ತು.”

“ಬಯ್ಯಿರಿ ಅಜ್ಜಿ, ಅದಕ್ಕೇ ಬಂದಿದ್ದೀನಿ” ಎಂದೆ.

“ಕಾಲು ಹಿಡ್ಕೋ ಮೊದ್ಲು” ಎಂದರು. ಮರಿಯ ಕಾಲು. ಹಿಡಿದುಕೊಂಡೆ.

ಅಲ್ಲಿ ತಿಳಿದದ್ದು ಇಷ್ಟು. ಊರಿನ ಹಲವರು ತಮ್ಮ ಕುರಿಗಳನ್ನು ಅವರ ಮಂದೆಯಲ್ಲಿ ಪಾಲಿಗೆ ಬಿಟ್ಟಿದ್ದಾರೆ. ಹುಟ್ಟುವ ಮರಿಗಳಲ್ಲಿ ಒಡೆಯರಿಗೂ ಪಾಲು, ಇವರಿಗೂ ಪಾಲು. ಮಂದೆಯಲ್ಲಿ ಮರಿ ಸತ್ತರೆ, ಮಾರಿಕೊಂಡಿಲ್ಲ ಎನ್ನುವುದಕ್ಕೆ ಅದರ ಚರ್ಮ ತೋರಿಸುವುದು ವಾಡಿಕೆ. ಹುಲಿಗೆಮ್ಮನನ್ನು ಮಾತ್ರ ಯಾರೂ ಚರ್ಮ ಕೇಳುತ್ತಿರಲಿಲ್ಲ. ಅವರು ಸತ್ತಿತು ಅಂದರೆ ಸತ್ತಿತು.

ಸಮಾರಂಭದಿಂದ ಊರಿಗೆ ಬಂದ ಹುಲಿಗೆಮ್ಮ, “ನಂಗೇನೂ ಕೊಡ್ಲಿಲ್ಲ” ಎಂದಿದ್ದಾರೆ. ಮಾರನೆಯ ಬೆಳಿಗ್ಗೆ ನಮ್ಮ ಪತ್ರಿಕೆ ಹೋಗಿದೆ. ಪ್ರತಿ ಗುರುವಾರ ಅದನ್ನು ಅಂಗಡಿ ಮುಂದೆ ಗಟ್ಟಿಯಾಗಿ ಓದುವವನು ತಿಪ್ಪೇಶ. ಅವನ ಕುರಿಗಳೂ ಇವರ ಮಂದೆಯಲ್ಲಿವೆ. ಓದಿ ಮುಗಿಸಿ, “ಬೆಳ್ಳಿ ಕಡಗ ಅಂತ ಐತೆ. ಮಾತಾಡಿದ್ದೂ ಐತೆ. ಕಡಗ ಬಚ್ಚಿಟ್ಟೋಳು ಮರಿ ಬಚ್ಚಿಡಲ್ವಾ?” ಎಂದನಂತೆ. ನಗೆಯಾಗಿಯೇ ಅಂದಿದ್ದಿರಬಹುದು. ಆದರೆ ಹೋದ ವಾರ ಅವನ ಒಂದು ಮರಿ ಸತ್ತಾಗ ಚರ್ಮ ಕೇಳಿದ್ದಾನೆ.

“ಮದುವೆ ಆಗಿ ಈ ಊರಿಗೆ ಬಂದಾಗಿಂದ ಯಾವನೂ ಕೇಳಿರ್ಲಿಲ್ಲ ಕಣವ್ವ. ತೋರಿಸ್ದೆ. ಬೆಳಕಿಗೆ ಹಿಡ್ಕಂಡು ತಿರುಗಿಸಿ ತಿರುಗಿಸಿ ನೋಡ್ದ” ಎಂದರು. ಬಯ್ಯಲಿಲ್ಲ. ಅಷ್ಟು ಹೇಳಿ ಮರಿಯನ್ನು ಬಿಟ್ಟರು, ಅದು ಕುಂಟುತ್ತ ತಾಯಿಯ ಹತ್ತಿರ ಹೋಯಿತು.

ಕಡೂರಿಗೆ ವಾಪಸ್ಸು ಬಂದರೆ ರುದ್ರಮೂರ್ತಿಯವರು ಕಚೇರಿಯಲ್ಲಿ ಕೂತಿದ್ದಾರೆ. ನಾನು ವಿಚಾರಿಸುತ್ತಿರುವ ಸುದ್ದಿ ಮುಟ್ಟಿತ್ತು. ಕವರಿನಲ್ಲಿ ಶಾಲು, ಡಬ್ಬಿಯಲ್ಲಿ ಕಡಗ. “ಗದ್ದಲದಲ್ಲಿ ಉಳ್ಕೊಂಡ್ಬಿಟ್ಟಿತ್ತಮ್ಮ. ಅಜ್ಜಿನ ಇಲ್ಲಿಗೇ ಕರೆಸಿ, ಹೊದಿಸಿ, ಒಂದು ಫೋಟೋ ಹಾಕ್ಬಿಡಿ. ನಿಮ್ಮ ವರದಿನೂ ನಿಜ ಆಗುತ್ತೆ, ನಮ್ಮ ಮಾನನೂ ಉಳಿಯುತ್ತೆ.” ಅಪ್ಪ ಬೆಂಚಿನಿಂದಲೇ, “ಒಳ್ಳೆ ದಾರಿ” ಎಂದರು.

ನನಗೂ ಒಂದು ಗಳಿಗೆ ಒಳ್ಳೆಯ ದಾರಿ ಅನ್ನಿಸಿತು. ಯೋಚಿಸಿ ಹೇಳುತ್ತೇನೆ ಎಂದೆ. ಇನ್ನೂ ಯೋಚಿಸುತ್ತಿದ್ದೇನೆ.

ಧನ್ಯಶ್ರೀ


ತರೀಕೆರೆ
9 ಮಾರ್ಚ್ 2024

ಧನ್ಯಶ್ರೀ ಅವರಿಗೆ,

ನಿನ್ನೆ ಶಿವರಾತ್ರಿಯ ಉಪವಾಸದ ಜೊತೆಗೆ ನಿಮ್ಮ ಪತ್ರವೂ ಇತ್ತು. ಮೊದಲು ನಾನೂ ನಿಮ್ಮ ತಂದೆಯವರ ಪಕ್ಷವೇ. ಹುಲಿಗೆಮ್ಮನಿಗೆ ಶಾಲು ಸಿಗುತ್ತದೆ, ಕಡಗ ಸಿಗುತ್ತದೆ, ಯಾರಿಗೂ ನೋವಿಲ್ಲ.

ಸಂಜೆ ಹೊತ್ತಿಗೆ ಅನ್ನಿಸಿದ್ದು ಬೇರೆ. ಊರಿನಲ್ಲಿ ಅವರು ಹೇಳಿದ್ದು “ಕೊಡಲಿಲ್ಲ” ಎಂದು. ಈಗ ಕಡಗ ತೊಟ್ಟು ಅದೇ ಊರಿಗೆ ಹೋಗಿ ಇಳಿದರೆ, ಇಷ್ಟು ದಿನ ಬಚ್ಚಿಟ್ಟಿದ್ದಳು ಎನ್ನುವವರಿಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೇ?

ಆದರೆ ನಿಮ್ಮ ಪತ್ರಿಕೆಯ ಹೆಸರನ್ನು ಪಣಕ್ಕಿಡಬೇಕಾದವರು ನೀವು. ನಾನು ಇದನ್ನು ಯೋಚಿಸಿದ್ದು ಕೂಡ ಹೆಸರಿಲ್ಲದ ಜಾಗದಲ್ಲಿ ನಿಂತು. ನಿಮ್ಮ ವಯಸ್ಸಿನಲ್ಲಿ ನಾನಾಗಿದ್ದರೆ ಫೋಟೋ ತೆಗೆಸಿ ಹಾಕುತ್ತಿದ್ದೆನೇನೋ. ಈ ವಯಸ್ಸಿನಲ್ಲೂ ಖಾತ್ರಿ ಹೇಳಲಾರೆ.

ಸಂಗೀತಾ


ಕಡೂರು
14 ಮಾರ್ಚ್ 2024

ಸಂಗೀತಾ ಮೇಡಂ,

ಈ ವಾರದ ಸಂಚಿಕೆಯನ್ನು ಜೊತೆಗಿಟ್ಟಿದ್ದೇನೆ. ಮುಖಪುಟ, ಹಿಂದಿನ ವರದಿ ಇದ್ದ ಅದೇ ಜಾಗ.

“ಫೆಬ್ರವರಿ 8ರ ಸಂಚಿಕೆಯಲ್ಲಿ ಹುಲಿಗೆಮ್ಮನವರ ಸನ್ಮಾನದ ವರದಿ ಪ್ರಕಟಿಸಿದ್ದೆವು. ಆ ಸಮಾರಂಭಕ್ಕೆ ನಮ್ಮ ಪತ್ರಿಕೆಯಿಂದ ಯಾರೂ ಹೋಗಿರಲಿಲ್ಲ. ಆಹ್ವಾನ ಪತ್ರಿಕೆ ನೋಡಿ ಬರೆದೆವು. ಹುಲಿಗೆಮ್ಮನವರಿಗೆ ಅಂದು ಶಾಲನ್ನಾಗಲಿ ಕಡಗವನ್ನಾಗಲಿ ಕೊಟ್ಟಿರಲಿಲ್ಲ. ಅವರು ಆಡಿದರೆಂದು ಬರೆದ ಮಾತು ನಮ್ಮದು, ಅವರದ್ದಲ್ಲ. ಈ ಬಗ್ಗೆ ಅವರು ತಮ್ಮ ಊರಿನಲ್ಲಿ ಹೇಳಿದ್ದೇ ನಿಜ.”

ಮೊದಲು ನಾನು ‘ಕಣ್ತಪ್ಪಿನಿಂದ ಪ್ರಕಟವಾಗಿದ್ದು’ ಎಂದು ಬರೆದಿದ್ದೆ. ಎಲ್ಲ ಪತ್ರಿಕೆಗಳೂ ಹಾಗೇ ಬರೆಯುತ್ತವೆ. ನನ್ನ ನಿರ್ಧಾರ ಕೇಳಿ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ ಅಪ್ಪ ಕರಡು ತೆಗೆದುಕೊಂಡು, ಆ ಪದ ಹೊಡೆದುಹಾಕಿ, ವಾಪಸ್ಸು ಕೊಟ್ಟರು. “ಕಣ್ಣು ತಪ್ಪಬೇಕಾದ್ರೆ ಕಣ್ಣು ಅಲ್ಲಿರಬೇಕಲ್ವೇನೇ” ಎಂದರು. ಆಮೇಲೆ ಚಹಾ ತರಲು ಅವರೇ ಎದ್ದು ಹೋದರು. ನನಗೆ ಅವರ ಮೇಲೆ ಇಷ್ಟು ಪ್ರೀತಿ ಬಂದದ್ದು ಈ ನಡುವೆ ಇಲ್ಲ, ಅದನ್ನು ಅವರಿಗೆ ಹೇಳಲಾಗುವುದಿಲ್ಲ, ಅದಕ್ಕೇ ನಿಮಗೆ.

ಶಾಲು, ಕಡಗವನ್ನು ರುದ್ರಮೂರ್ತಿಯವರಿಗೆ ಹಿಂದಿರುಗಿಸಿದೆ. ಅವರು ಚೆನ್ನಾಗಿ ಮಾತಾಡಿಯೇ ಹೋದರು. ಅದೇ ಸ್ವಲ್ಪ ಭಯ.

ಧನ್ಯಶ್ರೀ


ತರೀಕೆರೆ
23 ಮಾರ್ಚ್ 2024

ಧನ್ಯಶ್ರೀ,

ಈ ವಾರದ ಪತ್ರಿಕೆಯಲ್ಲಿ ರುದ್ರಮೂರ್ತಿಯವರ ಆಕ್ಷೇಪಣೆ ಓದಿದೆ. “ಸನ್ಮಾನಿತರೆಲ್ಲರಿಗೂ ವೇದಿಕೆಯ ಮೇಲೆಯೇ ಗೌರವ ಸಲ್ಲಿಸಲಾಗಿದೆ. ಸಭೆಗೇ ಬಾರದ ಸಂಪಾದಕಿ ಇದನ್ನು ಅಲ್ಲಗಳೆಯುವುದು ಹಾಸ್ಯಾಸ್ಪದ.” ಅದನ್ನು ಒಂದು ಅಕ್ಷರ ಬಿಡದೆ ಹಾಕಿದ್ದೀರಿ. ಕೆಳಗೆ ನಿಮ್ಮದೊಂದು ಸಾಲೂ ಇಲ್ಲ. ಕವರಿನಲ್ಲಿ ಶಾಲು ತಂದಿದ್ದರೆಂದು ಬರೆಯಬಹುದಿತ್ತು. ನಿಮ್ಮ ಬಳಿ ನನ್ನ ಪತ್ರವೂ ಇತ್ತು. ಬೇಡ ಎಂದಿದ್ದಕ್ಕೆ ಹಾಕಲಿಲ್ಲ, ಹಾಕಬಹುದೇ ಎಂದು ಕೇಳಲೂ ಇಲ್ಲ.

ನೀವು ಕೇಳದೇ ಇದ್ದದ್ದು ನನ್ನನ್ನು ಎರಡು ದಿನ ಸುಮ್ಮನೆ ಕೂರಲು ಬಿಡಲಿಲ್ಲ. ಕೆಳಗಿನದನ್ನು ಓದುಗರ ಪತ್ರವೆಂದು ಪ್ರಕಟಿಸಿ.

“ಫೆಬ್ರವರಿ 7ರ ಸಮಾರಂಭದಲ್ಲಿ ನಾನು ಮೊದಲಿನಿಂದ ಕೊನೆಯವರೆಗೂ ಇದ್ದೆ. ಹುಲಿಗೆಮ್ಮನವರಿಗೆ ಏನನ್ನೂ ಕೊಡಲಿಲ್ಲ. ಮೈಕ್ ಬಿಚ್ಚುವಾಗಲೂ ಅವರು ಕುರ್ಚಿಯಲ್ಲಿದ್ದರು. ನನ್ನ ಜೊತೆಯಲ್ಲೇ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಅವರ ಕೈಯಲ್ಲಿ ಒಂದು ಬಟ್ಟೆಯ ಚೀಲ ಬಿಟ್ಟು ಬೇರೇನೂ ಇರಲಿಲ್ಲ. ಅದರಿಂದಲೇ ಹುರಿಗಡಲೆ ತೆಗೆದು ನಮ್ಮ ಮಕ್ಕಳಿಗೆ ಕೊಟ್ಟರು. – ಸಂಗೀತಾ, ಶಿಕ್ಷಕಿ, ತರೀಕೆರೆ.”

ಹೆಸರು ಪೂರ್ತಿ ಇರಲಿ.

ಸಂಗೀತಾ


ಕಡೂರು
30 ಮಾರ್ಚ್ 2024

ಅಕ್ಕ,

ಇನ್ನು ಮೇಡಂ ಎಂದು ಬರೆಯಲು ಬರುವುದಿಲ್ಲ.

ನಿಮ್ಮ ಪತ್ರ ಪ್ರಕಟವಾದ ಗುರುವಾರ ಪತ್ರಿಕೆಯ ಕಟ್ಟಿನ ಜೊತೆ ನಾನೂ ಯಗಟಿ ಬಸ್ಸಿಗೆ ಹತ್ತಿದೆ. ಸುಳ್ಳು ಗಟ್ಟಿಯಾಗಿ ಓದಿದ ಜಾಗದಲ್ಲಿ ನಿಜವೂ ಗಟ್ಟಿಯಾಗಿ ಕೇಳಬೇಕು ಅನ್ನಿಸಿತು. ತಿದ್ದುಪಡಿಯ ಸಂಚಿಕೆ ಬಂದ ವಾರ ತಿಪ್ಪೇಶ ಊರಲ್ಲಿರಲಿಲ್ಲವಂತೆ, ಅದಕ್ಕೆ ಎರಡೂ ಸಂಚಿಕೆ ಕೊಟ್ಟೆ. ಹುಲಿಗೆಮ್ಮ ಅಂಗಡಿ ಮುಂದಿನ ಕಟ್ಟೆಯ ಆ ಕೊನೆಯಲ್ಲಿ, ತನಗೂ ಇದಕ್ಕೂ ಸಂಬಂಧವಿಲ್ಲದವರ ಹಾಗೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ತಿಪ್ಪೇಶ ಚೆನ್ನಾಗಿ ಓದುತ್ತಾನೆ. ತಿದ್ದುಪಡಿ ಓದಿದ, ನಿಮ್ಮ ಪತ್ರ ಓದಿದ. ಹುರಿಗಡಲೆ ಬಂದಾಗ ಯಾರೋ, “ಅದು ದಿಟ ಬಿಡು, ಚೀಲದಾಗೆ ಯಾವಾಗ್ಲೂ ಇರುತ್ತೆ” ಎಂದರು. ಓದಿ ಮುಗಿಸಿ ಪತ್ರಿಕೆ ಮಡಚಿ ನನ್ನ ಕಡೆ ತಿರುಗಿದ.

“ಹಂಗಾರೆ ಹೋಗ್ದೇನೇ ಬರೀತೀರಾ?”

“ಬರೆದಿದ್ದೀವಿ” ಎಂದೆ.

“ಸಿಂಗಟಗೆರೇಲಿ ಸಭೆ ಆಯ್ತು ಅಂತ ಹಾಕಿದ್ರಲ್ಲ, ಅದಕ್ಕೆ ಹೋಗಿದ್ರಾ?”

“ಇಲ್ಲ.”

“ಅಂತರಘಟ್ಟೆದು?”

“ಅದಕ್ಕೆ ಹೋಗಿದ್ದೆ.”

“ಸದ್ಯ, ಅದೊಂದು ಆಗೈತೆ.” ಎಲ್ಲರೂ ನಕ್ಕರು. ಅಪ್ಪ ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದನ್ನು ನಾನು ಆ ಕಟ್ಟೆಯ ಮೇಲೆ ನಿಂತು ಒಂದೊಂದೇ ಬಿಚ್ಚಿಕೊಡುತ್ತಿದ್ದೇನೆ ಅನ್ನಿಸಿತು.

ಅವನು ಮುಂದಿನದು ಕೇಳುವ ಮೊದಲು ಹುಲಿಗೆಮ್ಮ, “ಸಾಕು ಬಿಡ್ಲಾ ತಿಪ್ಪೇಶ, ಹುಡುಗಿಗೆ ಬಸ್ ತಪ್ಪೋಯ್ತದೆ” ಎಂದರು. ಅವನು ಅವರ ಕಡೆ ನೋಡಲಿಲ್ಲ. ಪತ್ರಿಕೆಯನ್ನು ಬಗಲಲ್ಲಿಟ್ಟುಕೊಂಡು ಹೋದ. ಅಷ್ಟಕ್ಕೆ ಸರಿಹೋಯಿತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಒಂದು ಮಾತ್ರ ನಿರ್ಧಾರ ಮಾಡಿದ್ದೇನೆ. ಇನ್ನು ಮುಂದೆ ನಾವು ಹೋಗದ ಸಭೆ ‘ನಡೆಯಲಿದೆ’ ಎಂದಷ್ಟೇ ಬರುತ್ತದೆ, ‘ನಡೆಯಿತು’ ಎಂದು ಬರುವುದಿಲ್ಲ. ಪುಟ ತುಂಬದಿದ್ದರೆ ಪುಟ ಕಡಿಮೆ ಮಾಡುತ್ತೇನೆ.

ನಿಮ್ಮ ಶಾಲೆಯಲ್ಲಿ ಏನಾಯಿತು?

ಧನ್ಯಶ್ರೀ


ತರೀಕೆರೆ
16 ಜೂನ್ 2024

ಧನ್ಯಶ್ರೀ,

ಉತ್ತರಿಸಲು ಇಷ್ಟು ತಡವಾಗಿದ್ದಕ್ಕೆ ಕಾರಣ ಕೇಳಬೇಡ. ನೀನು ಎಂದು ಬರೆಯುತ್ತಿದ್ದೇನೆ, ಅಕ್ಕ ಎಂದಿದ್ದೀಯಲ್ಲ.

ರುದ್ರಮೂರ್ತಿಯವರು ಕರೆಸಿ, “ಮೇಡಂ, ನಿಮ್ಮನ್ನ ಕರೆದಿದ್ದು ಪ್ರಾರ್ಥನೆ ಹಾಡ್ಸೋಕೆ, ಸಾಕ್ಷಿ ಹೇಳೋಕಲ್ಲ” ಎಂದರು. “ಹಾಡು ಮುಗಿದ ಮೇಲೂ ಕಣ್ಣು ಬಿಟ್ಟುಕೊಂಡಿದ್ದೆ ಸರ್” ಎಂದೆ. ಆ ಉತ್ತರ ಎಲ್ಲಿಂದ ಬಂತೋ ನನಗೇ ತಿಳಿಯದು, ನಿನ್ನ ಪತ್ರಗಳಿಂದ ಬಂದಿರಬೇಕು. ಈ ವರ್ಷ ನನಗೆ ಹತ್ತನೇ ತರಗತಿಯಿಲ್ಲ, ನಾಲ್ಕನೇ ತರಗತಿ ಕೊಟ್ಟಿದ್ದಾರೆ. ಮಕ್ಕಳು ಚೆನ್ನಾಗಿದ್ದಾರೆ.

ಪತ್ರಿಕೆ ತೆಳ್ಳಗಾಗಿದೆ. ಮೊದಲು ಬೇಸರವಾಗುತ್ತಿತ್ತು, ಈಗ ಪೂರ್ತಿ ಓದುತ್ತೇನೆ. ಅಜ್ಜಂಪುರದ ಈರುಳ್ಳಿ ಬೆಳೆಗಾರರ ಸಭೆಯ ವರದಿಯಲ್ಲಿ, ಅಧ್ಯಕ್ಷರು ಮಾತಾಡುವಾಗ ಹಿಂದಿನ ಸಾಲಿನವರು ಎದ್ದು ಹೋಗಿ ಮೆಟ್ಟಿಲ ಮೇಲೆ ತಮ್ಮದೇ ಸಭೆ ಮಾಡಿಕೊಂಡದ್ದನ್ನು ಬರೆದಿದ್ದೀಯಲ್ಲ, ಅದು ಯಾವ ಆಹ್ವಾನ ಪತ್ರಿಕೆಯಲ್ಲಿ ಸಿಗುತ್ತಿತ್ತು? ಬೀರೂರಿನ ವರದಿಯ ಕೆಳಗೆ ಶಶಿಧರ ಎಂಬ ಹೆಸರು ನೋಡಿ ಆಶ್ಚರ್ಯವಾಯಿತು. ಅವರೇ ಹೋಗಿದ್ದರೇ?

ನಿನ್ನ ವಯಸ್ಸಿನ ಅರ್ಧಕ್ಕಿಂತ ಹೆಚ್ಚು ವರ್ಷಗಳನ್ನು ನಾನು ಪಾಠ ಹೇಳುವುದರಲ್ಲಿ ಕಳೆದಿದ್ದೇನೆ. ನಾನು ತಪ್ಪು ತಿದ್ದುವುದು ಮಕ್ಕಳ ಪುಸ್ತಕದಲ್ಲಿ. ತನ್ನದೇ ಮುಖಪುಟದಲ್ಲಿ, ತನ್ನದೇ ತಪ್ಪನ್ನು, ಮೊದಲು ಬರೆದಷ್ಟೇ ದೊಡ್ಡ ಅಕ್ಷರದಲ್ಲಿ ತಿದ್ದಿದ ಒಬ್ಬಳನ್ನು ಬಲ್ಲೆ ಎಂಬುದು ನನಗೆ ಸಂತೋಷ. ಇದನ್ನು ಹೊಗಳಿಕೆ ಎಂದುಕೊಂಡರೆ ಎಂದುಕೋ.

ಹುಲಿಗೆಮ್ಮ ಹೇಗಿದ್ದಾರೆ? ಈ ಪತ್ರ ತಡವಾಗಿದ್ದಕ್ಕೆ ಅದೂ ಒಂದು ಕಾರಣ. ಕೇಳಲು ಅಳುಕು.

ನಿನ್ನ ಅಕ್ಕ,
ಸಂಗೀತಾ


ಕಡೂರು
7 ಜುಲೈ 2024

ಅಕ್ಕ,

ನಾಲ್ಕನೇ ತರಗತಿಯ ಸಾಲನ್ನು ಓದಿ ಪತ್ರವನ್ನು ಮಡಚಿ ಮೇಜಿನೊಳಗೆ ಇಟ್ಟಿದ್ದೆ, ಇವತ್ತು ತೆಗೆದೆ. ಆ ಬಗ್ಗೆ ಇಷ್ಟೇ.

ಹೌದು, ಬೀರೂರಿಗೆ ಅಪ್ಪನೇ ಹೋಗಿದ್ದು. ಕೊನೆಯವರೆಗೂ ಕೂತು, ಹೊಸ ಗ್ರಹ ಕಂಡುಹಿಡಿದವರ ಹಾಗೆ ಬಂದರು. “ಅಲ್ಲ ಕಣೇ, ವಂದನಾರ್ಪಣೆ ಅಂತ ಕಾರ್ಡಲ್ಲಿ ಹೆಸರಿತ್ತಲ್ಲ, ಆ ಮನುಷ್ಯ ಬಂದೇ ಇರ್ಲಿಲ್ಲ. ಯಾರೂ ಯಾರಿಗೂ ವಂದನೆ ಹೇಳ್ಲೇ ಇಲ್ಲ. ಸುಮ್ನೆ ಎದ್ದು ಹೋದ್ರು.” ಆಮೇಲೆ, “ಎಷ್ಟು ಜನ ಬರದೇ ಇರೋರಿಗೆ ನಾನು ವಂದನೆ ಹೇಳಿಸಿದ್ದೀನೋ” ಎಂದರು.

ಹುಲಿಗೆಮ್ಮನನ್ನು ನಿನ್ನೆ ನೋಡಿ ಬಂದೆ. ಸುದ್ದಿಗೆಂದು ಅಲ್ಲ. ಊರಲ್ಲಿ ಈಗಲೂ ಜವಾಬ್ದಾರಿ ಹುಲಿಗೆಮ್ಮ ಎಂದೇ ಕರೆಯುತ್ತಾರೆ, ಅದು ಇನ್ನು ಹೋಗುವುದಿಲ್ಲ. ಮೊದಲ ಸಲ ನಾನು ಕಾಲು ಹಿಡಿದುಕೊಂಡಿದ್ದ ಮರಿ ಈಗ ನನ್ನನ್ನೇ ಗುಮ್ಮಲು ಬರುತ್ತದೆ. ನಾವು ಮಾತಾಡುತ್ತ ಕೂತಿದ್ದಾಗ ತಿಪ್ಪೇಶ ಬೈಕ್ ತಳ್ಳಿಕೊಂಡು ಆ ದಾರಿಯಲ್ಲಿ ಬಂದ. ಹುಲಿಗೆಮ್ಮ ಕೂತಲ್ಲಿಂದಲೇ ಕೂಗಿದರು.

“ತಿಪ್ಪೇಶ, ನಿನ್ನ ಕರೇ ಕುರಿ ಮರಿ ಹಾಕಿತ್ತಲ್ಲ, ಆ ಮರಿ ಸತ್ತೋಯ್ತು ಕಣಪ್ಪ.”

ಅವನು ನಿಂತ. ಚರ್ಮ ಕೇಳುತ್ತಾನೇನೋ ಎಂದು ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಹುಲಿಗೆಮ್ಮ ಮಾತ್ರ ನೋಡಲಿಲ್ಲ, ಎಲೆಯ ತೊಟ್ಟು ಮುರಿಯುತ್ತಿದ್ದರು.

“ಯಾವಾಗ?” ಎಂದ.

“ಮೊನ್ನೆ.”

“ಹೌದಾ” ಎಂದ. ನಿಂತೇ ಇದ್ದ. ಆಮೇಲೆ ಬೈಕ್ ಸ್ಟ್ಯಾಂಡ್ ಹಾಕಿ ಬಂದು, ಅವರ ಮುಂದೆ ಕೈ ಚಾಚಿದ. “ಒಂದು ಎಲೆ ಕೊಡತ್ಲಾಗೆ, ಬೆಳಿಗ್ಗೆಯಿಂದ ಬಾಯಿಗೆ ಏನೂ ಇಲ್ಲ.”

ಅವರು ಕೊಟ್ಟರು. ಅವನು ಹಾಕಿಕೊಂಡು ಹೋದ. ಅಷ್ಟೇ ಅಕ್ಕ.

ಇದನ್ನು ಪತ್ರಿಕೆಯಲ್ಲಿ ಹಾಕುವುದಿಲ್ಲ. ನಿಮಗೆ ಮಾತ್ರ ಬರೆಯುತ್ತಿದ್ದೇನೆ. ನಾನು ಅಲ್ಲೇ ಇದ್ದೆ.

ನಿಮ್ಮ,
ಧನ್ಯಶ್ರೀ